ಸಾತಾರಾ ರಸ್ತೆಯ ಗಾಳಿ: ಸ್ವಾರಗೇಟ್–ಕಾತ್ರಜ್ ಮಾರ್ಗದ ಒಂದು ಪ್ರಕರಣ ಅಧ್ಯಯನ

ಹುಬ್ಬಳ್ಳಿ, ಬೆಳಗಾವಿಗಳಿಂದ ರಾತ್ರಿ ಹೊರಟ ಬಸ್ಸು ಬೆಳಗಿನ ಜಾವ ಕಾತ್ರಜ್ ಸುರಂಗ ದಾಟಿ ಪುಣೆಗೆ ಇಳಿಯುತ್ತದೆ. ಗುಡ್ಡದ ಮೇಲೆ ಹಗುರಾಗಿದ್ದ ಗಾಳಿ ಕಾತ್ರಜ್ ಚೌಕ ಬರುವಷ್ಟರಲ್ಲಿ ದಪ್ಪಗಾಗಿ, ಸುಟ್ಟ ಡೀಸೆಲ್ ಮತ್ತು ಒಣಮಣ್ಣಿನ ವಾಸನೆಯನ್ನು ಒಟ್ಟಿಗೆ ಹೊತ್ತುಕೊಂಡಿರುತ್ತದೆ. ಅಲ್ಲಿಂದ ಸ್ವಾರಗೇಟ್ ನಿಲ್ದಾಣದವರೆಗಿನ ಸುಮಾರು ಐದೂವರೆ ಕಿಲೋಮೀಟರ್ ದಾರಿಯನ್ನು ಊರಿನವರು ಸಾತಾರಾ ರಸ್ತೆ ಎನ್ನುತ್ತಾರೆ. ಕರ್ನಾಟಕದ ಸಾರಿಗೆ ಬಸ್ಸುಗಳಿಗೆ ಇದು ಪುಣೆಯ ದಕ್ಷಿಣದ ಬಾಗಿಲಾದ್ದರಿಂದ ಇಲ್ಲಿ ನೆಲೆಸಿದ ಕನ್ನಡಿಗರಲ್ಲಿ ಬಹಳಷ್ಟು ಮಂದಿ ಈ ಊರಿನ ಗಾಳಿಯನ್ನು ಮೊದಲು ಕುಡಿದದ್ದು ಇದೇ ರಸ್ತೆಯಲ್ಲಿ.

ಈ ಅಧ್ಯಯನಕ್ಕೆ ಈ ರಸ್ತೆಯನ್ನು ಆರಿಸಿಕೊಳ್ಳಲು ಆ ಭಾವನಾತ್ಮಕ ನಂಟಿಗಿಂತ ಗಟ್ಟಿಯಾದ ಕಾರಣವಿದೆ. ಭಾರತದ ಮೊದಲ ಬಿಆರ್‌ಟಿ, ಅಂದರೆ ಬಸ್ಸಿಗೆಂದೇ ಮೀಸಲಾದ ಪಥದ ತ್ವರಿತ ಸಾರಿಗೆ, 2006ರ ಕೊನೆಯಲ್ಲಿ ಆರಂಭವಾದದ್ದು ಕಾತ್ರಜ್–ಸ್ವಾರಗೇಟ್–ಹಡಪ್ಸರ್ ಮಾರ್ಗದಲ್ಲಿ. ಅದೇ ರಸ್ತೆಯನ್ನು ಸುಮಾರು ಹತ್ತು ವರ್ಷಗಳ ನಂತರ ಮತ್ತೆ ಅಗೆದು ಹೊಸ ವಿನ್ಯಾಸದಲ್ಲಿ ಕಟ್ಟಲಾಯಿತು. 2024ರಲ್ಲಿ ಅದೇ ರಸ್ತೆಗುಂಟ ನೆಲದಡಿಯ ಮೆಟ್ರೊ ಮಾರ್ಗಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಎರಡು ದಶಕಗಳಲ್ಲಿ ಒಂದೇ ದಾರಿಯ ಮೇಲೆ ಸಾರಿಗೆಯ ಹೆಸರಿನಲ್ಲಿ ಮೂರು ಸಲ ದೊಡ್ಡ ಹಣ ಹೂಡಿಕೆಯಾಗಿರುವಾಗ, ಅದರಲ್ಲಿ ಯಾವುದು ಗಾಳಿಯನ್ನು ಮುಟ್ಟಿತು, ಯಾವುದು ಮುಟ್ಟಲಿಲ್ಲ ಎಂದು ಕೇಳಲು ಇದಕ್ಕಿಂತ ಒಳ್ಳೆಯ ಜಾಗ ಪುಣೆಯಲ್ಲಿ ಸಿಗುವುದಿಲ್ಲ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ವಾಹನದೊಳಗಿನ ಇಂಧನವನ್ನು ಬದಲಿಸುವ ಕೆಲಸ ಯಾರ ಜಾಗವನ್ನೂ ಕಸಿಯದ ಕಾರಣ ತಕ್ಕಮಟ್ಟಿಗೆ ನಡೆದಿದೆ, ರಸ್ತೆಯ ಜಾಗವನ್ನು ಯಾರಿಗೆ ಎಷ್ಟು ಕೊಡಬೇಕೆಂದು ಬದಲಿಸುವ ಕೆಲಸ ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಕೊಡಬೇಕಾದ ಕಾರಣ ಪ್ರತಿ ಸಲವೂ ಅರ್ಧಕ್ಕೆ ನಿಂತಿದೆ, ಈ ರಸ್ತೆಯ ಗಾಳಿ ಇನ್ನು ಸುಧಾರಿಸಬೇಕಾದರೆ ಆಗಬೇಕಾದದ್ದು ಆ ಎರಡನೆಯ ಕೆಲಸ.

ಒರೆಸುವ ಬಟ್ಟೆಯ ಎರಡು ಬಣ್ಣ

ಪದ್ಮಾವತಿಯ ಕಡೆ, ರಸ್ತೆಗೆ ಮುಖ ಮಾಡಿದ ಒಂದು ಸಣ್ಣ ಉಡುಪಿ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೃಷ್ಣನ ಪಟವಿದೆ. ಅದರ ಗಾಜನ್ನು ಯಜಮಾನರು ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದ ಕೂಡಲೇ ಒರೆಸುತ್ತಾರೆ, ಹನ್ನೊಂದರ ಹೊತ್ತಿಗೆ ತಿಂಡಿಯ ಗಿರಾಕಿಗಳು ಕರಗಿದ ಮೇಲೆ ಮತ್ತೊಮ್ಮೆ ಒರೆಸುತ್ತಾರೆ. ಗಾಳಿಯ ಬಗ್ಗೆ ಕೇಳಿದಾಗ ಅವರು ಮಾತಾಡದೆ ಬಟ್ಟೆಯನ್ನೇ ಮುಂದೆ ಹಿಡಿದರು. ಬೇಸಿಗೆಯಲ್ಲಿ ಬಟ್ಟೆಗೆ ಹತ್ತುವುದು ಕಂದು ಬಣ್ಣದ ಪುಡಿ, ಕೊಡವಿದರೆ ಬಹುಪಾಲು ಉದುರುತ್ತದೆ. ಮಳೆಗಾಲದಲ್ಲಿ ಕಂದು ಮಾಯವಾಗಿ ತೆಳ್ಳಗಿನ ಕರಿ ಜಿಡ್ಡು ಮಾತ್ರ ಉಳಿಯುತ್ತದೆ, ಅದಕ್ಕೆ ಸೋಪಿನ ನೀರೇ ಬೇಕು. "ಮಾರಾಯ್ರೆ, ಮಣ್ಣು ಕೊಡವಿದ್ರೆ ಹೋಗ್ತದೆ. ಈ ಕಪ್ಪು ಉಂಟಲ್ಲ, ಇದು ಉಗುರಿನ ಸಂದಿಯಿಂದ ಸಹ ಹೋಗುದಿಲ್ಲ" ಎಂದು ಅವರು ಬೆರಳು ತೋರಿಸಿದರು.

ವಿಜ್ಞಾನಿಗಳು ದೊಡ್ಡ ಉಪಕರಣಗಳಿಂದ ಮಾಡುವ ಮೂಲ ವಿಂಗಡಣೆಯ ಸ್ಥೂಲ ರೂಪವೇ ಆ ಬಟ್ಟೆಯಲ್ಲಿದೆ. ಕಂದು ಪುಡಿಯಲ್ಲಿ ಹೆಚ್ಚಿನದು ಪಿಎಂ10 ಎಂದು ಲೆಕ್ಕಕ್ಕೆ ಬರುವ, 10 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಮತ್ತು ಅದಕ್ಕಿಂತ ಸಣ್ಣ ಗಾತ್ರದ ಕಣಗಳ ಹಾಗೂ ಅವಕ್ಕಿಂತಲೂ ದಪ್ಪ ಧೂಳಿನ ಮಿಶ್ರಣ. ರಸ್ತೆಯ ಮೇಲೆ ಬಿದ್ದ ಮಣ್ಣನ್ನು ಚಕ್ರಗಳು ಮತ್ತೆ ಮತ್ತೆ ಎಬ್ಬಿಸುವುದರಿಂದ ಹುಟ್ಟುವಂಥದು. ಕರಿ ಜಿಡ್ಡಿನಲ್ಲಿರುವುದು ದಹನದಿಂದ ಬರುವ ಮಸಿ, ಅದು 2.5 ಮೈಕ್ರಾನಿಗಿಂತ ಸಣ್ಣದು, ಪಿಎಂ2.5 ಎಂದು ಲೆಕ್ಕಕ್ಕೆ ಬರುವಂಥದು, ಶ್ವಾಸಕೋಶದ ತಳದವರೆಗೆ ಇಳಿಯುವಂಥದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಆರು ನಗರಗಳ ಅಧ್ಯಯನದಲ್ಲಿ ಬೆಂಗಳೂರು, ಮುಂಬೈಗಳ ಜೊತೆ ಪುಣೆಯೂ ಇತ್ತು. ಪುಣೆಯ ಭಾಗವನ್ನು ಮಾಡಿದ್ದು ಇದೇ ಊರಿನ ಎಆರ್‌ಎಐ ಎಂಬ ವಾಹನ ಸಂಶೋಧನಾ ಸಂಸ್ಥೆ. ಪಿಎಂ10ರಲ್ಲಿ ರಸ್ತೆಯ ಧೂಳು ಮೊದಲ ಸ್ಥಾನದಲ್ಲಿದೆ, ನೈಟ್ರೋಜನ್ ಆಕ್ಸೈಡುಗಳಲ್ಲಿ ವಾಹನದ ಹೊಗೆಯೇ ಮೊದಲನೆಯದು ಎಂಬ ಅದರ ನಿಷ್ಕರ್ಷೆಯನ್ನು ಸಾತಾರಾ ರಸ್ತೆಯಲ್ಲಿ ನಿಂತವರು ಸುಲಭವಾಗಿ ನಂಬುತ್ತಾರೆ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಎರಡು ಬಣ್ಣಕ್ಕೆ ಎರಡು ಮದ್ದು, ಆದರೆ ಎರಡಕ್ಕೂ ಮೂಲ ಒಂದೇ. ರಸ್ತೆಯ ಮೇಲೆ ಓಡುವ ಚಕ್ರಗಳ ಸಂಖ್ಯೆ, ಅವುಗಳ ತೂಕ ಮತ್ತು ಅವು ನಿಂತು ನಿಂತು ಸಾಗುವ ರೀತಿ ಸೇರಿ ಎರಡನ್ನೂ ನಿರ್ಧರಿಸುತ್ತವೆ. ಹೊಗೆಯ ಕೊಳವೆಯೇ ಇಲ್ಲದ ವಿದ್ಯುತ್ ವಾಹನ ಕರಿ ಜಿಡ್ಡನ್ನು ಕಡಿಮೆ ಮಾಡುತ್ತದೆ. ಆದರೆ ಅದರ ಟೈರೂ ಸವೆಯುತ್ತದೆ, ಅದೂ ಮಣ್ಣನ್ನು ಎಬ್ಬಿಸುತ್ತದೆ, ಬ್ಯಾಟರಿಯ ದೆಸೆಯಿಂದ ಅದರ ತೂಕ ಸಾಮಾನ್ಯವಾಗಿ ಹೆಚ್ಚೇ. ಒಟ್ಟು ಚಕ್ರಗಳನ್ನೇ ಕಡಿಮೆ ಮಾಡುವ ಯೋಜನೆ ಮಾತ್ರ ಎರಡೂ ಬಣ್ಣಗಳನ್ನು ಒಟ್ಟಿಗೆ ಮುಟ್ಟುತ್ತದೆ.

ಅಳತೆಯ ಬಗ್ಗೆ ಒಂದೆರಡು ಮಾತು. 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಪಿಎಂ2.5ರ ವಾರ್ಷಿಕ ಸರಾಸರಿ ಘನ ಮೀಟರಿಗೆ 40 ಮೈಕ್ರೊಗ್ರಾಂ, ಪಿಎಂ10ರದು 60 ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದೇ ಮಿತಿಗಳನ್ನು ಕ್ರಮವಾಗಿ 5 ಮತ್ತು 15ಕ್ಕೆ ಇಳಿಸಿತು. 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಪುಣೆ ಮಾನದಂಡ ಮುಟ್ಟದ ನಗರಗಳ ಪಟ್ಟಿಗೆ ಸೇರಿದೆ. ಪುಣೆಯ ಪಾಷಾಣ್ ಬಡಾವಣೆಯಲ್ಲಿರುವ ಉಷ್ಣವಲಯದ ಹವಾಮಾನ ಸಂಸ್ಥೆಯ 'ಸಫರ್' ಜಾಲ 2013ರಿಂದ ಈ ಊರಿನ ಗಾಳಿಯನ್ನು ಅಳೆದು ಮುನ್ಸೂಚನೆ ಕೊಡುತ್ತಿದೆ. ಆದರೆ ಅಳೆಯುವ ಕೇಂದ್ರಗಳನ್ನು ಸಾಮಾನ್ಯವಾಗಿ ಒಂದು ಪ್ರದೇಶದ ಒಟ್ಟು ಗಾಳಿ ತಿಳಿಯಲೆಂದು ಇಡುತ್ತಾರೆ. ಹೊಗೆಯ ದಟ್ಟಣೆಯೋ ರಸ್ತೆಯ ಅಂಚಿನಿಂದ ನೂರಿನ್ನೂರು ಮೀಟರಿನೊಳಗೆ ಗಣನೀಯವಾಗಿ ಇಳಿದುಬಿಡುತ್ತದೆ. ಹಾಗಾಗಿ ರಸ್ತೆಯಂಚಿನ ಬಸ್ ನಿಲ್ದಾಣದಲ್ಲಿ ನಿಂತವನು ಉಸಿರಾಡುವ ಗಾಳಿ ಮೊಬೈಲಿನ ಪರದೆ ತೋರಿಸುವ ಸಂಖ್ಯೆಗಿಂತ ಕೆಟ್ಟದಾಗಿರುವುದೇ ಹೆಚ್ಚು. ಪುಣೆಯ ಹೆಣ್ಣುಮಕ್ಕಳು ಸ್ಕೂಟರ್ ಹತ್ತುವ ಮೊದಲು ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ಓಢಣಿ ಸುತ್ತಿಕೊಳ್ಳುವುದು ಈ ಊರಿನ ಗುರುತೇ ಆಗಿಹೋಗಿದೆ. ಬಿಸಿಲಿಗೆ ಅದು ಸರಿ, ಧೂಳಿಗೂ ಸ್ವಲ್ಪ ಸರಿ. ಕರಿ ಮಸಿಗೆ ಆ ಬಟ್ಟೆ ತೆರೆದ ಬಾಗಿಲಿದ್ದ ಹಾಗೆ.

ಭೂಗೋಳವೂ ಇಲ್ಲಿ ನೆರವಿಗಿಲ್ಲ. ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ ಕಾತ್ರಜ್ ಕೆರೆಯ ನೀರನ್ನು ಶನಿವಾರವಾಡೆಯವರೆಗೆ ನೆಲದಡಿಯ ಕಾಲುವೆಯಲ್ಲಿ ಬರೀ ಇಳಿಜಾರಿನ ಬಲದಿಂದ ತಂದರು. ಆ ಇಳಿಜಾರು ಈಗಲೂ ಇದೆ. ನವೆಂಬರಿನಿಂದ ಫೆಬ್ರವರಿವರೆಗಿನ ನಿಶ್ಚಲ ರಾತ್ರಿಗಳಲ್ಲಿ ಗುಡ್ಡದ ತಣ್ಣನೆಯ ಗಾಳಿ ತಗ್ಗಿಗೆ ಇಳಿದು ನೆಲದ ಮೇಲೆ ಹಾಸಿದಂತೆ ಕೂರುತ್ತದೆ, ಮೇಲಿನ ಬೆಚ್ಚಗಿನ ಪದರ ಮುಚ್ಚಳದಂತೆ ಅದನ್ನು ಒತ್ತಿಹಿಡಿಯುತ್ತದೆ, ಬೆಳಗಿನ ಏಳರಿಂದ ಹತ್ತರವರೆಗಿನ ಹೊಗೆ ಮೇಲೇರಲು ದಾರಿಯಿಲ್ಲದೆ ಅಲ್ಲೇ ಸುತ್ತುತ್ತದೆ. ಸಾಲದ್ದಕ್ಕೆ ಸ್ವಾರಗೇಟಿನಿಂದ ಕಾತ್ರಜಿಗೆ ಹೋಗುವ ವಾಹನಗಳು ಏರು ಹತ್ತಬೇಕು. ತುಂಬಿದ ಬಸ್ಸು ಏರಿನಲ್ಲಿ ನಿಂತು ಮತ್ತೆ ಹೊರಡುವ ಆ ಕ್ಷಣದಲ್ಲೇ ಎಂಜಿನ್ ಅತಿ ಹೆಚ್ಚು ಉಗುಳುವುದು.

2006ರ ಪಥ

2005ರ ಡಿಸೆಂಬರಿನಲ್ಲಿ ಜವಾಹರಲಾಲ್ ನೆಹರೂ ನಗರ ನವೀಕರಣ ಯೋಜನೆ ಬಂತು, 2006ರಲ್ಲಿ ರಾಷ್ಟ್ರೀಯ ನಗರ ಸಾರಿಗೆ ನೀತಿ ಬಂತು. ವಾಹನಗಳನ್ನು ಸಾಗಿಸುವುದಕ್ಕಿಂತ ಜನರನ್ನು ಸಾಗಿಸುವುದಕ್ಕೆ ರಸ್ತೆಯ ಜಾಗ ಹಂಚಬೇಕೆಂದು ಸರ್ಕಾರಿ ಕಾಗದದಲ್ಲಿ ಬರೆದದ್ದು ಆಗ. ಪುಣೆ ಆ ಮಾತನ್ನು ದೇಶದಲ್ಲೇ ಮೊದಲು ನೆಲಕ್ಕಿಳಿಸಲು ಹೊರಟಿತು, ಮತ್ತು ಮೊದಲಿಗನ ಕಷ್ಟಗಳನ್ನೆಲ್ಲ ಉಂಡಿತು.

ರಸ್ತೆಯ ನಡುವೆ ಬಸ್ಸಿಗೆ ಪಥ ಗುರುತಿಸಿದರು, ಆದರೆ ಆ ಪಥಕ್ಕೆ ಬೇರೆ ವಾಹನಗಳು ನುಗ್ಗದಂತೆ ತಡೆಯುವವರಿರಲಿಲ್ಲ. ಬಸ್ಸಿನ ನೆಲ ಮತ್ತು ನಿಲ್ದಾಣದ ಕಟ್ಟೆ ಒಂದೇ ಎತ್ತರಕ್ಕಿರಲಿಲ್ಲ, ಹತ್ತಿ ಇಳಿಯಲು ಹಿಂದಿನಷ್ಟೇ ಹೊತ್ತು ಹಿಡಿಯಿತು. ನಿಲ್ದಾಣಕ್ಕೆ ಹೋಗಲು ಪ್ರಯಾಣಿಕರು ಓಡುವ ವಾಹನಗಳ ನಡುವೆ ರಸ್ತೆ ದಾಟಬೇಕಿತ್ತು, ಅಪಘಾತಗಳಾದವು, ಪತ್ರಿಕೆಗಳು ಬರೆದವು, ಜನ ಸಿಟ್ಟಾದರು. ಪಥದಲ್ಲಿ ಒಂದು ಬಸ್ಸು ಕೆಟ್ಟು ನಿಂತರೆ ಅದರ ಹಿಂದಿನ ಬಸ್ಸುಗಳೆಲ್ಲ ನಿಲ್ಲಬೇಕಾಗುತ್ತಿತ್ತು, ಪಕ್ಕಕ್ಕೆ ಸರಿದು ಹೋಗಲು ಜಾಗವೇ ಇರಲಿಲ್ಲ. ನಗರದ ಬಸ್ ಸಂಸ್ಥೆ ಪಿಎಂಟಿ ಮತ್ತು ಪಕ್ಕದ ಅವಳಿ ನಗರ ಪಿಂಪ್ರಿ-ಚಿಂಚ್ವಡದ ಪಿಸಿಎಂಟಿ ಎರಡನ್ನೂ ಸೇರಿಸಿ ಪಿಎಂಪಿಎಂಎಲ್ ಎಂಬ ಒಂದೇ ಸಂಸ್ಥೆ ಮಾಡಿದ್ದು 2007ರಲ್ಲಿ. ಅಂದರೆ ಪಥ ಹುಟ್ಟಿದಾಗ ಅದರಲ್ಲಿ ಬಸ್ಸು ಓಡಿಸಬೇಕಾದ ಈಗಿನ ಸಂಸ್ಥೆಯೇ ಹುಟ್ಟಿರಲಿಲ್ಲ. ಮನೆ ಕಟ್ಟಿ ಮುಗಿಸಿ ಆಮೇಲೆ ಯಜಮಾನನನ್ನು ಹುಡುಕಿದ ಹಾಗಾಯಿತು ಇದು.

ಗಾಳಿಯ ದೃಷ್ಟಿಯಿಂದ ನೋಡಿದರೆ ಇನ್ನೊಂದು ತಪ್ಪು ಹೆಚ್ಚು ಆಳದ್ದು. ಆ ಪಥದ ಯಶಸ್ಸನ್ನು ಊರು ಅಳೆದದ್ದು ಪಕ್ಕದ ಪಥಗಳಲ್ಲಿ ಕಾರು, ಸ್ಕೂಟರುಗಳು ಎಷ್ಟು ಬೇಗ ಹೋಗುತ್ತವೆ ಎಂಬುದರಿಂದ. ಬಸ್ಸಿನ ಪಥ ಖಾಲಿ ಕಂಡಾಗ "ಜಾಗ ದಂಡ" ಎಂದರು. ಒಂದು ಬಸ್ಸಿನಲ್ಲಿ 60 ಮಂದಿ ಇದ್ದು ಅದು ಎರಡು ನಿಮಿಷಕ್ಕೊಮ್ಮೆ ಬಂದರೆ ಆ ಪಥ ಗಂಟೆಗೆ 1,800 ಮಂದಿಯನ್ನು ಸಾಗಿಸುತ್ತದೆ, ಆದರೂ ನೋಡುವವನ ಕಣ್ಣಿಗೆ ಎರಡು ಬಸ್ಸಿನ ನಡುವಿನ ಹೊತ್ತೆಲ್ಲ ಖಾಲಿಯೇ. ಒಂದು ಸ್ಕೂಟರಿನ ಮೇಲೆ ಸರಾಸರಿ ಒಂದೂಕಾಲು ಜನ ಎಂದಿಟ್ಟುಕೊಂಡರೂ ಅದೇ ಮಂದಿಗೆ 1,400ಕ್ಕೂ ಹೆಚ್ಚು ಸ್ಕೂಟರು ಬೇಕು. ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು: ಆ ಎರಡು ನಿಮಿಷ ಹತ್ತು ನಿಮಿಷವಾದರೆ ಪಥ ನಿಜಕ್ಕೂ ಖಾಲಿ, ದೂರುವವರ ಮಾತೇ ಸರಿಯಾಗುತ್ತದೆ.

ಪಿಂಪ್ರಿ-ಚಿಂಚ್ವಡದಲ್ಲಿ ಕತೆ ಬೇರೆ. 2015ರಿಂದ ಅಲ್ಲಿ 'ರೇನ್‌ಬೋ' ಹೆಸರಿನಲ್ಲಿ ತೆರೆದ ಪಥಗಳು ಅಗಲವಾದ ರಸ್ತೆಗಳ ಮೇಲಿದ್ದವು, ಬಸ್ಸಿನ ನೆಲ ಮತ್ತು ಕಟ್ಟೆ ಸಮ ಎತ್ತರಕ್ಕಿದ್ದವು. ದಾಪೋಡಿ–ನಿಗಡಿ ಪಥ ಹೈಕೋರ್ಟಿನ ವ್ಯಾಜ್ಯ, ಐಐಟಿ ಬಾಂಬೆಯ ಸುರಕ್ಷತಾ ಪರಿಶೀಲನೆಗಳನ್ನೆಲ್ಲ ದಾಟಿ 2018ರಲ್ಲಿ ತೆರೆಯಿತು. ಪುಣೆಯ ಕಡೆ ಇದಕ್ಕೆ ವಿರುದ್ಧವಾಗಿ, 2016ರಲ್ಲಿ ತೆರೆದಿದ್ದ, 'ನಗರ ರಸ್ತೆ' ಎಂಬ ಹೆಸರಿನ ದಾರಿಯ ಪಥವನ್ನು 2023ರಲ್ಲಿ ಕಿತ್ತುಹಾಕುವುದಕ್ಕೆ ಶುರುಮಾಡಿದರು. ದೆಹಲಿಯೂ 2008ರಲ್ಲಿ ಕಟ್ಟಿದ್ದನ್ನು 2016ರಲ್ಲಿ ಕೆಡವಿತು. ನಮ್ಮ ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿ 'ಚಿಗರಿ'ಯಲ್ಲಿ ನಿಲ್ದಾಣಗಳ ಬಳಿ ಒಂದು ಬಸ್ಸು ಇನ್ನೊಂದನ್ನು ದಾಟಿ ಹೋಗಲು ಹೆಚ್ಚುವರಿ ಪಥವಿದೆ. ಪುಣೆಯ 2006ರ ಪಾಠದಿಂದ ಕಲಿತದ್ದು ಎಂದೇ ಅದನ್ನು ನೋಡಬಹುದು. ಅಲ್ಲಿಯೂ ಈಗ "ಪಥವನ್ನು ಎಲ್ಲರಿಗೂ ತೆರೆಯಿರಿ" ಎಂಬ ಕೂಗು ಎದ್ದಿರುವುದನ್ನು ಓದುಗರು ಬಲ್ಲರು.

ಇಂಧನ ಬದಲಾದ ಬಗೆ

ಜಾಗದ ಕತೆ ಹೀಗೆ ಮುಗ್ಗರಿಸುತ್ತಿದ್ದಾಗ ಕೊಳವೆಯ ಕತೆ ಮುಂದೆ ಸಾಗಿತು. 2006ರ ಹೊತ್ತಿಗೆ ಈ ಊರಿನಲ್ಲಿ ಮಾರಾಟವಾಗುತ್ತಿದ್ದ ಹೊಸ ವಾಹನಗಳಿಗೆ ಹೊಗೆಯ ಮಿತಿ ಹೇಳುವ ಭಾರತ್ ಸ್ಟೇಜ್ 3ರ ನಿಯಮವಿತ್ತು. ಭಾರೀ ಡೀಸೆಲ್ ಎಂಜಿನ್ ಒಂದು ಕಿಲೊವಾಟ್-ಗಂಟೆಯ ಕೆಲಸಕ್ಕೆ 0.10 ಗ್ರಾಂ ಕಣಗಳನ್ನು, 5 ಗ್ರಾಂ ನೈಟ್ರೋಜನ್ ಆಕ್ಸೈಡನ್ನು ಉಗುಳಲು ಆಗ ಅವಕಾಶವಿತ್ತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಸ್ಟೇಜ್ 6ರಲ್ಲಿ ಆ ಮಿತಿಗಳು 0.01 ಮತ್ತು 0.4 ಗ್ರಾಂ. ಕಣಗಳಲ್ಲಿ ಹತ್ತರಲ್ಲಿ ಒಂದಕ್ಕೆ, ನೈಟ್ರೋಜನ್ ಆಕ್ಸೈಡಿನಲ್ಲಿ ಹನ್ನೆರಡರಲ್ಲಿ ಒಂದಕ್ಕಿಂತಲೂ ಕೆಳಕ್ಕೆ ಇಳಿದ ಈ ಲೆಕ್ಕ ಕಡಿಮೆಯದೇನಲ್ಲ. ದೆಹಲಿಯಲ್ಲಿ ಬರೆದ ಒಂದು ನಿಯಮ ಸಾತಾರಾ ರಸ್ತೆಯ ಗಾಳಿಗೆ ಇಲ್ಲಿನ ಯಾವ ಕಾಮಗಾರಿಗಿಂತಲೂ ಹೆಚ್ಚು ಉಪಕಾರ ಮಾಡಿದೆ ಎಂಬುದು ನನ್ನ ಅಭಿಪ್ರಾಯ.

ನಗರದ ಬಸ್ಸುಗಳು ಸಿಎನ್‌ಜಿಗೆ ಬದಲಾಗುತ್ತ ಬಂದವು, ರಿಕ್ಷಾಗಳೂ ಬದಲಾದವು. 2019ರ ಫೆಬ್ರವರಿಯಲ್ಲಿ ವಿದ್ಯುತ್ ಬಸ್ಸುಗಳು ಬಂದವು. ಮೊದಲ ಸುತ್ತಿನಲ್ಲಿ 150, ಕೆಲವು 9 ಮೀಟರಿನವು, ಉಳಿದವು 12 ಮೀಟರಿನವು. ಇವನ್ನು ಸಂಸ್ಥೆ ಕೊಳ್ಳಲಿಲ್ಲ, ಓಡಿದ ಕಿಲೋಮೀಟರಿಗೆ ಇಂತಿಷ್ಟು ಎಂದು ಹಣ ಕೊಡುವ ಗುತ್ತಿಗೆಯಲ್ಲಿ ತಂದಿತು. ಬ್ಯಾಟರಿ ಬಸ್ಸಿನ ಮೊದಲ ಖರ್ಚು ಭಾರೀ, ದಿನದ ಖರ್ಚು ಹಗುರ. ಮೊದಲ ಖರ್ಚಿನ ಹೊರೆಯನ್ನು ಗುತ್ತಿಗೆದಾರನಿಗೆ ದಾಟಿಸಿದ್ದರಿಂದಲೇ ಇದು ಸಾಧ್ಯವಾಯಿತು. ಭೇಕರಾಯಿ ನಗರದ ಡಿಪೋ ಪೂರ್ತಿ ವಿದ್ಯುತ್ ಬಸ್ಸಿಗೇ ಮೀಸಲಾಯಿತು. ಹೋಟೆಲಿನ ಯಜಮಾನರು ಇದನ್ನೂ ಗಮನಿಸಿದ್ದಾರೆ: ಈಗಿನ ಬಸ್ಸು ಹೊರಡುವಾಗ ಹೊಗೆಯಿಲ್ಲ, ಆದರೆ ಬಾಗಿಲ ಮುಂದಿನ ಮಣ್ಣು ಮೊದಲಿನಷ್ಟೇ ಏಳುತ್ತದೆ.

ಮಣ್ಣು ಕೂರುವುದೂ ಒಂದು ನಿಯಮದಂತೆಯೇ. ವಿಭಜಕದ ಬುಡದಲ್ಲಿ, ಪೊರಕೆ ತಲುಪದ ಕಡೆ, ಅರ್ಧ ಮೊಳ ಅಗಲದ ನುಣ್ಣಗಿನ ಮಣ್ಣಿನ ಪಟ್ಟಿ ವರ್ಷವಿಡೀ ಬಿದ್ದಿರುತ್ತದೆ. ಕೇಬಲ್ ಹಾಕಲು ಅಗೆದು ಅರೆಬರೆ ಮುಚ್ಚಿದ ಗುಂಡಿ, ಟಾರು ಕಾಣದ ಫುಟ್‌ಪಾತಿನ ಅಂಚು, ಮುಸುಕಿಲ್ಲದೆ ಮಣ್ಣು ಸಾಗಿಸುವ ಡಂಪರು ಅದಕ್ಕೆ ದಿನವೂ ಹೊಸ ಸರಕು ಒದಗಿಸುತ್ತವೆ. ಇದನ್ನು ಗುಡಿಸುವ ಯಂತ್ರಕ್ಕೆ, ನೀರು ಚಿಮುಕಿಸುವ ಟ್ಯಾಂಕರಿಗೆ ಹಣ ಸಿಗುತ್ತದೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಲೆಕ್ಕ ಹಾಕಿದಂತೆ ಶುದ್ಧ ಗಾಳಿ ಕಾರ್ಯಕ್ರಮದ ಹಣದಲ್ಲಿ ದೇಶದಾದ್ಯಂತ ಶೇಕಡಾ 64ರಷ್ಟು ಹೋದದ್ದು ರಸ್ತೆಯ ಧೂಳಿಗೆ, ವಾಹನದ ಹೊಗೆಗೆ ಹೋದದ್ದು ಶೇಕಡಾ 13ಕ್ಕಿಂತ ಕಡಿಮೆ. ಕಣ್ಣಿಗೆ ಕಾಣುವ ಕಂದು ಬಣ್ಣಕ್ಕೆ ಹಣ ಸುಲಭವಾಗಿ ಸಿಗುತ್ತದೆ, ಉಗುರಿನ ಸಂದಿಯ ಕಪ್ಪಿಗೆ ಸಿಗುವುದಿಲ್ಲ.

ಬಸ್ಸಿನ ಲೆಕ್ಕ

2018ರ ಹೊತ್ತಿಗೆ ಪುಣೆಯಲ್ಲಿ ನೋಂದಾಯಿತ ವಾಹನಗಳು 36 ಲಕ್ಷ ದಾಟಿ ಊರಿನ ಜನಸಂಖ್ಯೆಯ ಅಂದಾಜನ್ನು ಹಿಂದೆ ಹಾಕಿದವು, ಅವುಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ದ್ವಿಚಕ್ರಗಳು. ನೋಂದಣಿಯ ಪುಸ್ತಕದಲ್ಲಿ ಗುಜರಿಗೆ ಹೋದವೂ ಸೇರಿರುತ್ತವೆ ಎಂದು ವಾದಿಸಬಹುದು. ರಸ್ತೆಯಲ್ಲಿ ನಿಂತವನಿಗೆ ಆ ವಾದದಿಂದ ಸಮಾಧಾನ ಸಿಗುವುದಿಲ್ಲ. ಒಂದು ಕಾಲಕ್ಕೆ ಸೈಕಲ್ಲಿನ ಊರು ಎನಿಸಿಕೊಂಡಿದ್ದ ಪುಣೆ ಹೀಗಾದದ್ದಕ್ಕೆ ಕಾರಣ ಜನರ ಷೋಕಿಯೆಂದು ನಾನು ಒಪ್ಪುವುದಿಲ್ಲ. ಬಸ್ಸಿನ ಲೆಕ್ಕ ನೋಡಿದರೆ ಸಾಕು.

ಕೇಂದ್ರ ನಗರಾಭಿವೃದ್ಧಿ ಇಲಾಖೆಯ ಸೇವಾ ಮಾನದಂಡದ ಪ್ರಕಾರ ಸಾವಿರ ಜನಸಂಖ್ಯೆಗೆ 0.6 ಬಸ್ಸು ಇದ್ದರೆ ಮೊದಲ ದರ್ಜೆ. 2011ರ ಜನಗಣತಿಯಲ್ಲಿ ಪುಣೆ ಮಹಾನಗರಪಾಲಿಕೆಯಲ್ಲಿ 31.24 ಲಕ್ಷ, ಪಿಂಪ್ರಿ-ಚಿಂಚ್ವಡದಲ್ಲಿ 17.27 ಲಕ್ಷ ಜನರಿದ್ದರು. ಅಷ್ಟು ಜನಕ್ಕೇ 2,900 ಬಸ್ಸು ಬೇಕಿತ್ತು. ಆಮೇಲೆ ಊರು ಬೆಳೆಯಿತು, ಸುತ್ತಲಿನ ಹಳ್ಳಿಗಳು ಪಾಲಿಕೆಗೆ ಸೇರಿದವು, ಬಸ್ಸುಗಳ ಸಂಖ್ಯೆ ಎರಡು ಸಾವಿರದ ಆಸುಪಾಸಿನಲ್ಲೇ ಹೊಯ್ದಾಡಿತು. ಹಳೆಯವು ಗುಜರಿಗೆ ಹೋಗುವ ವೇಗಕ್ಕೆ ಹೊಸವು ಬರಲಿಲ್ಲ. ಬಂದ ಬಸ್ಸು ಎಷ್ಟೇ ಶುದ್ಧವಾಗಿರಲಿ, ಅದು ಬರುವ ಹೊತ್ತಿನ ಮೇಲೆ ಭರವಸೆಯಿಲ್ಲದವನು ಕಂತಿನ ಮೇಲೆ ಸ್ಕೂಟರ್ ಕೊಳ್ಳುತ್ತಾನೆ. ಒಮ್ಮೆ ಕೊಂಡವನಿಗೆ ಪ್ರತಿ ಪ್ರಯಾಣದ ಖರ್ಚು ಬಸ್ಸಿನ ಟಿಕೆಟ್ಟಿಗಿಂತ ಅಗ್ಗವೆನಿಸುತ್ತದೆ, ಅವನು ಮರಳಿ ಬರುವುದಿಲ್ಲ.

ಕಾತ್ರಜ್ ಚೌಕದ ಹತ್ತಿರ ಬೆಳಿಗ್ಗೆ ಕೂಲಿಗೆ ನಿಲ್ಲುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರನ್ನು ಮಾತಿನಿಂದಲೇ ಗುರುತಿಸಬಹುದು. ಬುತ್ತಿಯ ಡಬ್ಬಿ, ತಲೆಗೆ ಸುತ್ತಿದ ಟವೆಲ್ಲು, ಕಾಲ ಬುಡದಲ್ಲಿ ಪುಟ್ಟಿ. ಬಸ್ಸಿಗೆ ಏಕೆ ಹೋಗುವುದಿಲ್ಲವೆಂದು ಕೇಳಿದ್ದಕ್ಕೆ ಒಬ್ಬಾಕೆ, "ಬಸ್ಸ ಬರೂದ ಯಾವಾಗರೀ ಅಣ್ಣಾರ? ಬಂದ್ರೂ ಪುಟ್ಟಿ ಸಲಿಕಿ ನೋಡಿ ಹತ್ತಸ್ಕೊಳ್ಳಂಗಿಲ್ಲ. ರಿಕ್ಷಾದಾಗ ಆರು ಮಂದಿ ಕೂಡಿ ಹೋಗತೀವ್ರಿ" ಎಂದಳು. ಆಕೆಗೆ ವಾಹನವಿಲ್ಲ, ಈ ರಸ್ತೆಯ ಹೊಗೆಯಲ್ಲಿ ಆಕೆಯ ಪಾಲು ಇಲ್ಲವೆಂದೇ ಹೇಳಬೇಕು. ಉಸಿರಿನ ಪಾಲು ಮಾತ್ರ ಎಲ್ಲರಿಗಿಂತ ಹೆಚ್ಚು, ಏಕೆಂದರೆ ಕೆಲಸ ಸಿಗುವವರೆಗೂ ಆಕೆ ನಿಂತಿರುವುದು ಚೌಕದ ತುದಿಯಲ್ಲಿ, ಕೆಲಸ ಸಿಕ್ಕ ಮೇಲೆ ಅಗೆಯುವುದೂ ಹಲವು ಸಲ ಇಂಥದೇ ರಸ್ತೆಯನ್ನು.

ಅದೇ ಚೌಕಕ್ಕೆ ಕೊಂಢವಾ ಕಡೆಯ ರಸ್ತೆ ಬಂದು ಕೂಡುತ್ತದೆ. ಮುಂಬೈ–ಬೆಂಗಳೂರು ಹೆದ್ದಾರಿಯಿಂದ ಸೊಲ್ಲಾಪುರದ ಹೆದ್ದಾರಿಗೆ ಹೋಗುವ ಲಾರಿಗಳಿಗೆ ಅದು ಅಡ್ಡದಾರಿ. ಅದನ್ನು 84 ಮೀಟರ್ ಅಗಲ ಮಾಡುವ ಯೋಜನೆ ಭೂಸ್ವಾಧೀನದಲ್ಲಿ ಸಿಕ್ಕಿ 50 ಮೀಟರಿಗೆ ಇಳಿಯಿತು. ಊರಿನ ಹೊರಗಿನ ವರ್ತುಲ ರಸ್ತೆ ಪೂರ್ತಿಯಾಗುವವರೆಗೆ ಊರಿನೊಳಗೆ ಕೆಲಸವೇ ಇಲ್ಲದ ಲಾರಿಗಳು ಇಲ್ಲಿ ಎಂಜಿನ್ ಆರಿಸದೆ ಸಾಲುಗಟ್ಟುತ್ತವೆ. ನಗರದ ಬಸ್ಸುಗಳನ್ನೆಲ್ಲ ವಿದ್ಯುತ್ತಿಗೆ ಬದಲಿಸಿದರೂ ಈ ಚೌಕದ ಕಪ್ಪು ಪೂರ್ತಿ ಹೋಗದಿರುವುದಕ್ಕೆ ಇದೊಂದು ಕಾರಣ.

ವಾಹನ ಕಡಿಮೆಯಾದರೆ ಗಾಳಿ ಬದಲಾಗುತ್ತದೆಯೇ ಎಂಬ ಪ್ರಶ್ನೆಗೆ 2020ರ ಲಾಕ್‌ಡೌನ್ ಯಾರೂ ಬಯಸದ ಉತ್ತರ ಕೊಟ್ಟಿತು: ನೈಟ್ರೋಜನ್ ಡಯಾಕ್ಸೈಡ್ ವಾರದೊಳಗೆ ತೀವ್ರವಾಗಿ ಇಳಿಯಿತು. ಅದಕ್ಕಿಂತ ಮೊದಲು, 2012ರ ನವೆಂಬರ್ 1ರಂದು, ಸಕಾಳ್ ಪತ್ರಿಕಾ ಬಳಗದ ಮುಂದಾಳತ್ವದಲ್ಲಿ ಪುಣೆಯಲ್ಲಿ 'ಬಸ್ ಡೇ' ನಡೆದಿತ್ತು. ಕಂಪನಿಗಳ, ಖಾಸಗಿಯವರ ಬಸ್ಸುಗಳನ್ನೆಲ್ಲ ಕೂಡಿಸಿ ಒಂದು ದಿನದ ಮಟ್ಟಿಗೆ ನಗರದ ಮಾರ್ಗಗಳಿಗೆ ಇಳಿಸಿದರು. ರಾಜ್ಯೋತ್ಸವದ ದಿನವಾದ್ದರಿಂದ ಇಲ್ಲಿನ ಕನ್ನಡಿಗರಲ್ಲಿ ಕೆಲವರಿಗೆ ಅದು ಬೇರೆ ಕಾರಣಕ್ಕೂ ನೆನಪಿದೆ. ಬಸ್ಸು ಸಾಕಷ್ಟಿದ್ದರೆ ಜನ ಹತ್ತುತ್ತಾರೆ ಎಂಬುದನ್ನು ಆ ದಿನ ತೋರಿಸಿತು. ಮರುದಿನ ಆ ಬಸ್ಸುಗಳು ಅವರವರ ಕಂಪನಿಗೆ ಮರಳಿದವು.

ಇನ್ನೊಂದು ತುದಿಯಿಂದಲೂ ಹಿಡಿಯಬಹುದಿತ್ತು. 2018ರಲ್ಲಿ ಪಾಲಿಕೆ ಒಂದು ಪಾರ್ಕಿಂಗ್ ನೀತಿಗೆ ಒಪ್ಪಿಗೆ ಕೊಟ್ಟಿತು. ರಸ್ತೆಯಂಚಿನಲ್ಲಿ ಗಾಡಿ ನಿಲ್ಲಿಸುವವರು ಹಣ ಕೊಡಬೇಕೆಂಬ ಸರಳ ವಿಚಾರ. ವಿರೋಧ ಬಂದು ಅದು ಬೆರಳೆಣಿಕೆಯ ರಸ್ತೆಗಳ ಪ್ರಯೋಗಕ್ಕೆ ಕುಗ್ಗಿತು, ಆ ಪ್ರಯೋಗವೂ ಮೇಲೇಳಲಿಲ್ಲ. ಬಿಟ್ಟಿಯಾಗಿ ಸಿಗುವ ಜಾಗಕ್ಕೆ ಬೇಡಿಕೆ ತಗ್ಗುವುದಿಲ್ಲ. ಮೇಲ್ಸೇತುವೆಗಳೂ ಈ ಬಿಟ್ಟಿ ಜಾಗದ ಇನ್ನೊಂದು ರೂಪವೇ. ವಿಶ್ವವಿದ್ಯಾಲಯದ ಚೌಕದಲ್ಲಿ ಕಟ್ಟಿದ ಮೇಲ್ಸೇತುವೆಯನ್ನು ಹದಿನೈದು ವರ್ಷವೂ ತುಂಬುವ ಮೊದಲು, 2020ರಲ್ಲಿ, ಅದರಿಂದ ದಟ್ಟಣೆ ತೀರಲಿಲ್ಲವೆಂದು ಒಡೆದುಹಾಕಿದರು. ಅಲ್ಲೀಗ ಎರಡು ಅಂತಸ್ತಿನದು ಎದ್ದಿದೆ.

ಮೆಟ್ರೊ ಮತ್ತು ಮುಂದಿನ ಅಗೆತ

ಪುಣೆಯ ಮೆಟ್ರೊ 2022ರ ಮಾರ್ಚ್ 6ರಂದು ವನಾಜ್–ಗರವಾರೆ ಕಾಲೇಜು ಮತ್ತು ಪಿಂಪ್ರಿ–ಫುಗೇವಾಡಿ ಮಾರ್ಗಗಳಲ್ಲಿ ಓಡತೊಡಗಿತು. ಸಿವಿಲ್ ಕೋರ್ಟಿನಿಂದ ಸ್ವಾರಗೇಟಿಗೆ ನೆಲದಡಿಯ ಭಾಗ ತೆರೆದದ್ದು 2024ರ ಸೆಪ್ಟೆಂಬರ್ 29ರಂದು. ಅದೇ ದಿನ ಸ್ವಾರಗೇಟ್–ಕಾತ್ರಜ್ ವಿಸ್ತರಣೆಗೆ ಶಂಕುಸ್ಥಾಪನೆಯೂ ಆಯಿತು. ಅದಕ್ಕೆ ಕೇಂದ್ರ ಸಂಪುಟ ಹಿಂದಿನ ತಿಂಗಳು ಒಪ್ಪಿಗೆ ಕೊಟ್ಟಿತ್ತು. ಉದ್ದ 5.46 ಕಿಲೋಮೀಟರ್, ಪೂರ್ತಿ ನೆಲದಡಿಯಲ್ಲಿ.

ನೆಲದಡಿಯ ಮೆಟ್ರೊ ಈ ಪ್ರಕರಣದ ಹಳೆಯ ತೊಡಕನ್ನು ಜಾಣತನದಿಂದ ತಪ್ಪಿಸಿಕೊಳ್ಳುತ್ತದೆ: ಯಾರಿಂದಲೂ ರಸ್ತೆಯ ಜಾಗ ಕಿತ್ತುಕೊಳ್ಳಬೇಕಾಗಿಲ್ಲ. ಹಾಗೆಂದೇ ಅದಕ್ಕೆ ವಿರೋಧವೂ ಇಲ್ಲ. ಆದರೆ ಮೇಲಿನ ರಸ್ತೆ ಹಾಗೇ ಉಳಿದರೆ, ಮೆಟ್ರೊಗೆ ಇಳಿದ ಸವಾರನು ಬಿಟ್ಟುಹೋದ ಜಾಗವನ್ನು ಹೊಸ ಸ್ಕೂಟರು, ಹೊಸ ಕಾರು ಬಂದು ತುಂಬುತ್ತದೆ. ಜಗತ್ತಿನ ಅನೇಕ ಊರುಗಳಲ್ಲಿ ಹೀಗೇ ಆಗಿದೆ. ಗಾಳಿಗೆ ಲಾಭವಾಗಬೇಕಾದರೆ ಮೆಟ್ರೊ ತೆರೆಯುವ ದಿನವೇ ಮೇಲಿನ ಪಥಗಳಲ್ಲಿ ಒಂದನ್ನು ಬಸ್ಸಿಗೆ, ಅಂಚನ್ನು ನಡೆಯುವವರಿಗೆ ಬರೆದುಕೊಡಬೇಕು. ಧನಕವಡಿಯ ಒಳಗಲ್ಲಿಯಿಂದ ನಿಲ್ದಾಣಕ್ಕೆ ನಡೆದು ಬರುವ ಹತ್ತು ನಿಮಿಷದ ದಾರಿಯಲ್ಲಿ ಫುಟ್‌ಪಾತು ಇದ್ದರೆ ಒಬ್ಬಳು ಮೆಟ್ರೊಗೆ ಬರುತ್ತಾಳೆ, ಇಲ್ಲದಿದ್ದರೆ ಸ್ಕೂಟರಿನಲ್ಲೇ ಪೂರ್ತಿ ದಾರಿ ಹೋಗುತ್ತಾಳೆ. ಎಂಜಿನ್ ತಣ್ಣಗಿರುವ ಮೊದಲ ಕಿಲೋಮೀಟರಿನಲ್ಲೇ ಹೊಗೆ ಹೆಚ್ಚೆಂಬುದರಿಂದ, ನಿಲ್ದಾಣದವರೆಗೆ ಸ್ಕೂಟರಿನಲ್ಲಿ ಬಂದು ಮೆಟ್ರೊ ಹತ್ತುವವಳಿಂದಲೂ ಗಾಳಿಗಾಗುವ ಉಳಿತಾಯ ನಾವೆಣಿಸಿದಷ್ಟಿರುವುದಿಲ್ಲ.

ಅದಕ್ಕೂ ಮೊದಲು ಅಗೆತದ ವರ್ಷಗಳಿವೆ. ಸುರಂಗ ಆಳದಲ್ಲಿ ಕೊರೆಯುತ್ತದೆ, ಆದರೆ ನಿಲ್ದಾಣಗಳನ್ನು ಮೇಲಿನಿಂದ ತೋಡಬೇಕು. ತಗಡಿನ ಬೇಲಿ ಮೊದಲು ನುಂಗುವುದು ಯಾವಾಗಲೂ ಬಸ್ಸಿನ ಪಥವನ್ನು ಮತ್ತು ಫುಟ್‌ಪಾತನ್ನು, ಏಕೆಂದರೆ ಅವೆರಡಕ್ಕೆ ಹಾರ್ನ್ ಇಲ್ಲ. ತೋಡಿದ ಮಣ್ಣು ಹೊತ್ತ ಡಂಪರುಗಳು ಇದೇ ರಸ್ತೆಯಲ್ಲಿ ಹೋಗುತ್ತವೆ. ಡಂಪರಿಗೆ ಮುಸುಕು, ಹೊರಬೀಳುವ ದ್ವಾರದಲ್ಲಿ ಚಕ್ರ ತೊಳೆಯುವ ವ್ಯವಸ್ಥೆ, ನಿಲ್ದಾಣದ ಗುಂಡಿಯ ಪಕ್ಕ ಗಾಳಿ ಅಳೆಯುವ ಯಂತ್ರ, ಬೇಲಿಯ ಹೊರಗೆ ಕನಿಷ್ಠ ಒಂದು ಪಥ ಬಸ್ಸಿಗೆ, ಬೇಲಿ ತೆಗೆದ ಮೇಲೆ ರಸ್ತೆಯನ್ನು ಯಾವ ಅಳತೆಯಲ್ಲಿ ಮರಳಿ ಕಟ್ಟಬೇಕೆಂಬ ನಕ್ಷೆ, ಇವು ಗುತ್ತಿಗೆಯ ಕಾಗದದಲ್ಲೇ ಇರಬೇಕು. ಗುತ್ತಿಗೆಗೆ ಸಹಿ ಬಿದ್ದ ಮೇಲೆ ಇವುಗಳಲ್ಲಿ ಒಂದನ್ನು ಸೇರಿಸುವುದೂ ಹೆಚ್ಚುವರಿ ಖರ್ಚಿನ ವ್ಯಾಜ್ಯವಾಗುತ್ತದೆ. ಪದ್ಮಾವತಿಯ ಹೋಟೆಲಿನವರು ಈಗಾಗಲೇ ಒಂದು ಡಜನ್ ಒರೆಸುವ ಬಟ್ಟೆ ತರಿಸಿಟ್ಟಿದ್ದಾರೆ.